ಸವಳು ಹೊಲಕ್ಕೆ ಜಿಪ್ಸಂ ಹಾಕಿದರೂ ಏನೂ ಆಗಲಿಲ್ಲ. ಮಣ್ಣುವಿಜ್ಞಾನದಿಂದ ನಮಗೇನು ಉಪಯೋಗ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ಗಂಗಾವತಿ ತಾಲ್ಲೂಕು. ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ ನಾಲ್ಕು ಎಕರೆ ಎರೆ (ಕಪ್ಪು ಮಣ್ಣಿನ) ಹೊಲ ಇದೆ, ಎರಡು ಬೆಳೆ ಭತ್ತ. ಮೇಲೆ ಎರಡು ಎಕರೆ ಮಸಾರಿ (ಕೆಂಪು ಮಣ್ಣು), ಅದು ಬರೀ ಮಳೆ ನಂಬಿದ್ದು, ಶೇಂಗಾ ಹಾಕ್ತೀವಿ. ಎರೆ ಹೊಲದ ಕೆಳಗಿನ ಮಡಿಗಳಲ್ಲಿ ನಾಲ್ಕೈದು ವರ್ಷದಿಂದ ಸಸಿ ಸುಡುತ್ತಿವೆ. ಬೇಸಿಗೆಯಲ್ಲಿ ನೆಲದ ಮೇಲೆ ಬೆಳ್ಳಗೆ ಉಪ್ಪು ಕಾಣುತ್ತದೆ. ಅಂಗಡಿಯವರು ಹೇಳಿದರು ಅಂತ ಎರಡು ವರ್ಷ ಜಿಪ್ಸಂ ಹಾಕಿದೆ, ಏನೂ ಫರಕು ಬೀಳಲಿಲ್ಲ. ಮಣ್ಣು ಆರೋಗ್ಯ ಕಾರ್ಡಿನ ಅಂಕಿ ಹೀಗಿವೆ: ರಸಸಾರ 8.2, ಲವಣಾಂಶ 2.6, ಸಾವಯವ ಇಂಗಾಲ 0.42, ಸಾರಜನಕ 205 ಕಿಲೋ, ರಂಜಕ 68 ಕಿಲೋ, ಪೊಟ್ಯಾಷ್ 470 ಕಿಲೋ, ಗಂಧಕ 41, ಸತು 0.45. ಉಳಿದವು 'ಸಾಕಷ್ಟು' ಅಂತ ಬರೆದಿದೆ. ಎಕರೆಗೆ ಬೆಳೆಗೊಂದು ಸಲ ಎರಡು ಚೀಲ ಡಿಎಪಿ ಗೊಬ್ಬರ ಹಾಕ್ತೀನಿ. ಇದನ್ನು ಓದೋದು ಹೇಗೆ? ಇನ್ನೊಂದು ಮಾತು. ಮಗಳು ಬಿಎಸ್ಸಿ ಅಗ್ರಿ ಮುಗಿಸುತ್ತಿದ್ದಾಳೆ, ಮುಂದೆ ಮಣ್ಣುವಿಜ್ಞಾನ ತಗೋತೀನಿ ಅಂತಾಳೆ. ನಮ್ಮ ಅಪ್ಪ, 'ಮಣ್ಣು ಓದೋಕೆ ಕಾಲೇಜು ಯಾಕೆ? ನಾವೇನು ಓದಿ ಬೆಳೆದ್ವಾ?' ಅಂತಾರೆ. ಈ ವಿದ್ಯೆಯಿಂದ ರೈತನಿಗೆ, ಊರಿಗೆ ನಿಜವಾಗಿ ಏನಾದರೂ ಉಪಯೋಗ ಇದೆಯಾ?

ಉತ್ತರ: ನೀವು ಕೇಳಿರುವುದು ಎರಡು ಪ್ರಶ್ನೆ. ಆದರೆ ಎರಡಕ್ಕೂ ಉತ್ತರ ನಿಮ್ಮ ಕೆಳಗಿನ ಮಡಿಯಲ್ಲೇ ಇದೆ. ಅಲ್ಲಿಂದಲೇ ಶುರು ಮಾಡೋಣ.

ಬೇಸರದ ಮಾತು ಮೊದಲು ಹೇಳಿಬಿಡುತ್ತೇನೆ. ಎರಡು ವರ್ಷ ಜಿಪ್ಸಂಗೆ ಹಾಕಿದ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಜಿಪ್ಸಂ ಕೆಟ್ಟದ್ದಲ್ಲ. ಅದು ವಾಸಿ ಮಾಡುವ ರೋಗ ನಿಮ್ಮ ಹೊಲಕ್ಕೆ ಬಂದಿರಲಿಲ್ಲ, ಅಷ್ಟೇ.

ನಮ್ಮ ಕಡೆ 'ಸವಳು ಜವಳು' ಅಂತ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಸವಳು ಅಂದರೆ ಉಪ್ಪು. ಜವಳು ಅಂದರೆ ನೀರು ಇಂಗದೆ, ಹರಿಯದೆ ನಿಂತ ನೆಲ. ಇವೆರಡರ ಜೊತೆ ಮೂರನೆಯದೊಂದಿದೆ, ಕ್ಷಾರ ಮಣ್ಣು. ಹಳಬರು ಕರಲು ಅನ್ನುವುದುಂಟು. ದೂರದಿಂದ ನೋಡಿದರೆ ಸವಳೂ ಕರಲೂ ಒಂದೇ ಥರ: ಬೆಳೆ ಏಳುವುದಿಲ್ಲ, ನೆಲ ಬೋಳು ಬೋಳು. ಒಳಗಿನ ಕಥೆ ಮಾತ್ರ ಪೂರ್ತಿ ಬೇರೆ.

ಸವಳು ಮಣ್ಣಿನಲ್ಲಿ ಕರಗುವ ಉಪ್ಪು ಜಾಸ್ತಿ. ಬೇರಿನ ಸುತ್ತ ನೀರಿದ್ದರೂ ಗಿಡಕ್ಕೆ ಎಳೆದುಕೊಳ್ಳಲು ಆಗುವುದಿಲ್ಲ. ಉಪ್ಪು ನೀರು ಕುಡಿದರೆ ನಮ್ಮ ಬಾಯಾರಿಕೆ ತಣಿಯುತ್ತದಾ? ಹಾಗೆ. ಕರಲು ಮಣ್ಣಿನಲ್ಲಿ ಉಪ್ಪು ಅಷ್ಟಿರಬೇಕಂತಿಲ್ಲ. ಅಲ್ಲಿ ಸೋಡಿಯಂ ಹೋಗಿ ಜೇಡಿಯ ಕಣಗಳಿಗೇ ಅಂಟಿಕೊಂಡಿರುತ್ತದೆ. ಸೋಡಿಯಂ ಅಂಟಿದ ಕಣಗಳು ಒಂದನ್ನೊಂದು ಹಿಡಿದುಕೊಳ್ಳುವುದಿಲ್ಲ, ಬಿಡಿಬಿಡಿಯಾಗಿ ನೀರಿನಲ್ಲಿ ತೇಲುತ್ತವೆ, ಮಣ್ಣಿನ ಸಂದುಗಳಿಗೆ ಇಳಿದು ಮುಚ್ಚಿಬಿಡುತ್ತವೆ. ಒದ್ದೆ ಇದ್ದಾಗ ಅಂಟು, ಒಣಗಿದರೆ ಕಲ್ಲು. ರಸಸಾರ, ಅಂದರೆ ಮಣ್ಣಿನ ಹುಳಿ-ಕ್ಷಾರದ ಅಳತೆ (ಪಿಎಚ್), ಸಾಮಾನ್ಯವಾಗಿ 8.5 ದಾಟಿರುತ್ತದೆ. ಜಿಪ್ಸಂ ಕೆಲಸ ಮಾಡುವುದು ಇಲ್ಲಿ. ಅದರೊಳಗಿನ ಕ್ಯಾಲ್ಸಿಯಂ ಹೋಗಿ ಸೋಡಿಯಂ ಅನ್ನು ಕಣದಿಂದ ಎಬ್ಬಿಸಿ, ಆ ಜಾಗದಲ್ಲಿ ತಾನು ಕೂರುತ್ತದೆ. ಎದ್ದ ಸೋಡಿಯಂ ನೀರಿನ ಜೊತೆ ಹೊರಗೆ ಹೋಗಬೇಕು.

ನಿಮ್ಮ ಕಾರ್ಡು ನೋಡಿ. ರಸಸಾರ 8.2. ಎರೆಮಣ್ಣಿಗೆ ಅದು ಮಾಮೂಲಿ. ಲವಣಾಂಶ 2.6. ಒಂದರ ಒಳಗಿದ್ದರೆ ಚಿಂತೆಯಿಲ್ಲ, ಎರಡು ದಾಟಿತು ಅಂದರೆ ಉಪ್ಪು ತಡೆಯದ ಬೆಳೆಗಳಿಗೆ ಕಷ್ಟ. ಅಂದರೆ ನಿಮ್ಮದು ಸವಳು, ಕರಲು ಅಲ್ಲ. ಉಪ್ಪು ಜಾಸ್ತಿಯಾದ ನೆಲಕ್ಕೆ ನೀವು ಹಾಕಿದ ಜಿಪ್ಸಂ ಕೂಡ ಒಂದು ಉಪ್ಪೇ, ಅದರಲ್ಲಿ ಕ್ಯಾಲ್ಸಿಯಂ ಜೊತೆ ಗಂಧಕವೂ ಇದೆ. ಗಂಧಕ 41 ಯಾಕೆ ಬಂತು ಅಂತ ಈಗ ಗೊತ್ತಾಯಿತಲ್ವಾ? ಹತ್ತು ದಾಟಿದರೆ ಸಾಕು ಅನ್ನುವ ಲೆಕ್ಕ ಅದು. ಒಂದಷ್ಟು ನೆಲದೊಳಗಿನ ಉಪ್ಪಿನದ್ದು, ಒಂದಷ್ಟು ನಿಮ್ಮ ಜಿಪ್ಸಂದು.

ಇಲ್ಲೊಂದು ಎಚ್ಚರ. ಪುಸ್ತಕಗಳಲ್ಲಿ 'ಲವಣಾಂಶ 4 ದಾಟಿದರೆ ಸವಳು' ಅಂತ ಓದಿ ಎಷ್ಟೋ ಜನ 'ನಂದು 2.6, ಇನ್ನೂ ಪರವಾಗಿಲ್ಲ' ಅಂದುಕೊಳ್ಳುತ್ತಾರೆ. ಆ 4 ಬೇರೆ ಅಳತೆ. ಅದು ಮಣ್ಣನ್ನು ನೀರಲ್ಲಿ ನೆನೆಸಿ ಮುದ್ದೆ ಮಾಡಿ, ಅದರಿಂದ ಹಿಂಡಿದ ರಸದ್ದು. ಕಾರ್ಡಿಗೆ ಅಳೆಯುವಾಗ ಮಣ್ಣಿಗೆ ಅದರ ಎರಡೂವರೆ ಪಟ್ಟು ನೀರು ಬೆರೆಸುತ್ತಾರೆ. ಸಾರಿಗೆ ನೀರು ಸೇರಿಸಿದರೆ ಉಪ್ಪು ಕಡಿಮೆ ಅನ್ನಿಸುವುದಿಲ್ಲವೇ? ಹಾಗೆ ತಿಳಿಯಾದ ಮೇಲೂ 2.6 ಬಂದಿದೆ ಅಂದರೆ ನಿಮ್ಮ ಸಸಿಯ ಬೇರಿಗೆ ತಾಕುತ್ತಿರುವ ಉಪ್ಪು ಅದಕ್ಕಿಂತ ತುಂಬಾ ಜಾಸ್ತಿ.

ಕಾರ್ಡ್ ಮೇಲೆ ನಂಬಿಕೆ ಇಲ್ಲದಿದ್ದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ಖರ್ಚು ಏನೂ ಇಲ್ಲ. ಎರಡು ಗಾಜಿನ ಲೋಟ ತಗೊಳ್ಳಿ. ಹಿಡಿದಿಟ್ಟ ಮಳೆ ನೀರು ತುಂಬಿ. ಕಾಲುವೆ ನೀರು, ಬೋರ್ ನೀರು ಬೇಡ, ಅವುಗಳಲ್ಲೇ ಉಪ್ಪಿರುತ್ತದೆ, ಪರೀಕ್ಷೆ ಕೆಡುತ್ತದೆ. ಸುಡುವ ಮಡಿಯಿಂದ ಕಡಲೆಕಾಳಿನ ಗಾತ್ರದ ಒಣ ಹೆಂಟೆ ಒಂದು, ಚೆನ್ನಾಗಿ ಬೆಳೆಯುವ ಮಡಿಯಿಂದ ಇನ್ನೊಂದು. ಒಂದೊಂದು ಲೋಟಕ್ಕೆ ಒಂದೊಂದು, ಮೆಲ್ಲಗೆ ಇಳಿಬಿಡಿ. ಅಲುಗಾಡಿಸಬೇಡಿ, ಕಲಕಬೇಡಿ. ಸುಮ್ನೆ ಎರಡು ಗಂಟೆ ಬಿಟ್ಟು ಬನ್ನಿ. ಹೆಂಟೆ ಕುಸಿದು ಪುಡಿಯಾಗಿ ತಳದಲ್ಲಿ ಕೂತಿದೆ, ಮೇಲಿನ ನೀರು ತಿಳಿಯಾಗಿದೆ ಅಂದರೆ ಅದು ಕರಲಲ್ಲ. ಹೆಂಟೆಯ ಸುತ್ತ ಮಜ್ಜಿಗೆ ಬಿಟ್ಟ ಹಾಗೆ ಮೋಡ ಎದ್ದು, ನಿಧಾನವಾಗಿ ಲೋಟವೆಲ್ಲ ಬಗ್ಗಡ ಆಯಿತು ಅಂದರೆ ಸೋಡಿಯಂ ಕಾಟ ಇದೆ, ಜಿಪ್ಸಂ ಮಾತಾಡಬಹುದು. ನಿಮ್ಮ ಮಣ್ಣು ಈಗ ತಿಳಿಯಾಗಿಯೇ ಕೂರುತ್ತದೆ ಅಂತ ನನ್ನ ಅಂದಾಜು. ಉಪ್ಪು ಜಾಸ್ತಿ ಇದ್ದಾಗ ಜೇಡಿ ಕಣಗಳು ಒಟ್ಟಿಗೇ ಇರುತ್ತವೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾಗಾದರೆ ಸವಳಿಗೆ ಮದ್ದೇನು? ಮದ್ದು ಚೀಲದಲ್ಲಿ ಸಿಗುವುದಿಲ್ಲ. ಉಪ್ಪು ಹೋಗುವುದು ನೀರಿನ ಜೊತೆ, ಆ ನೀರಿಗೆ ಹೊರಗೆ ಹೋಗಲು ದಾರಿ ಬೇಕು. ಅಂದಾಜು ಲೆಕ್ಕ ಹೀಗೆ: ಒಂದು ಅಡಿ ಮಣ್ಣಿನ ಮೂಲಕ ಒಂದು ಅಡಿ ಒಳ್ಳೆಯ ನೀರು ಕೆಳಗಿಳಿದು ಹೊರಗೆ ಹೋದರೆ ಆ ಮಣ್ಣಿನ ಮುಕ್ಕಾಲು ಪಾಲು ಉಪ್ಪು ಹೋಗುತ್ತದೆ. 'ಹೊರಗೆ ಹೋದರೆ' ಅನ್ನುವುದೇ ಇಲ್ಲಿ ಮುಖ್ಯ. ನೀವು ಭತ್ತಕ್ಕೆ ವರ್ಷದಲ್ಲಿ ಎರಡು ಸಲ ನೀರು ನಿಲ್ಲಿಸುತ್ತೀರಿ, ಆದರೂ ಉಪ್ಪು ಹೋಗಿಲ್ಲ. ಯಾಕೆಂದರೆ ಕೆಳಗೆ ಜಾಗವಿಲ್ಲ. ಮಗಳು ಬಂದಾಗ ಕೆಳಗಿನ ಮಡಿಯಲ್ಲಿ ನಾಲ್ಕೈದು ಅಡಿ ಆಳದ ಕಿರಿದಾದ ಗುಂಡಿ ತೆಗೆಸಿ, ಮಾರನೆಯ ದಿನ ಬೆಳಗ್ಗೆ ಹೋಗಿ ನೋಡಿ. ಮೂರಡಿಗೇ ನೀರು ಕಂಡರೆ ನಿಮ್ಮ ರೋಗದ ಮೂಲ ಅದೇ.

ಆ ನೀರು ಏನು ಮಾಡುತ್ತದೆ ಅಂದರೆ, ಹಣತೆಯಲ್ಲಿ ಎಣ್ಣೆ ಬತ್ತಿ ಹಿಡಿದು ಮೇಲೆ ಏರುವ ಹಾಗೆ ಮಣ್ಣಿನ ಸಂದು ಹಿಡಿದು ಮೇಲೇರುತ್ತದೆ. ಮೇಲೆ ಬಂದ ನೀರು ಬಿಸಿಲಿಗೆ ಆರಿ ಹೋಗುತ್ತದೆ, ತಂದ ಉಪ್ಪನ್ನು ಅಲ್ಲೇ ಬಿಡುತ್ತದೆ. ಬೇಸಿಗೆಯಲ್ಲಿ ನೀವು ನೋಡುವ ಬಿಳಿ ಪುಡಿ ಅದೇ. ಅದಕ್ಕೇ ಎರಡನೇ ಬೆಳೆ ಕೊಯ್ದ ಮೇಲೆ ಹೊಲ ಬೋಳು ಬಿಡಬೇಡಿ. ಕೊನೇಪಕ್ಷ ಒಂದು ಸಲ ಮೇಲುಮೇಲೆ ಕುಂಟೆ ಹೊಡೆದು ಆ ಬತ್ತಿ ಕತ್ತರಿಸಿ, ಇಲ್ಲವೇ ಹುಲ್ಲು ಹರಡಿ. ನೀರು ಸಿಕ್ಕರೆ ಡಯಂಚ ಅನ್ನುವ ಹಸಿರೆಲೆ ಗೊಬ್ಬರದ ಗಿಡ ಬಿತ್ತಿ, ಅದು ಉಪ್ಪನ್ನು ಸಾಕಷ್ಟು ತಡೆಯುತ್ತದೆ. 45 ದಿನಕ್ಕೆ ಮಣ್ಣಿಗೆ ಮಗುಚಿ. ನಿಮ್ಮ ಸಾವಯವ ಇಂಗಾಲ 0.42, ಇರಬೇಕಾದ 0.5ಕ್ಕಿಂತ ಕಡಿಮೆ. ಅದಕ್ಕೂ ಒಳ್ಳೆಯದು.

ನಾಟಿ ಮಾಡುವಾಗ ಎಳೆ ಸಸಿ ಬೇಡ. ಭತ್ತ ಉಪ್ಪಿಗೆ ಅಂಜುವುದು ಸಸಿಯಾಗಿದ್ದಾಗ ಮತ್ತು ಹೂವಾಡುವಾಗ. 30–35 ದಿನದ ಬಲಿತ ಸಸಿ ಹಾಕಿ, ಗುಣಿಗೆ ಎರಡು ಮೂರು ಸಸಿ ಜಾಸ್ತಿ ಇರಲಿ. ನಾಟಿಗೆ ಮುಂಚೆ ನೀರು ಕಟ್ಟಿ, ಎರಡು ಮೂರು ದಿನ ಬಿಟ್ಟು ಬಸಿದು, ಮತ್ತೆ ಹೊಸ ನೀರು ಕಟ್ಟಿ. ಸವಳು ತಡೆಯುವ ತಳಿಗಳ ಬಗ್ಗೆ ನಿಮ್ಮೂರಿನ ಪಕ್ಕದ ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದಲ್ಲೇ ಕೇಳಿ, ಸವಳು ಜವಳಿನ ಮೇಲೆ ಕೆಲಸ ಮಾಡುವ ಕೇಂದ್ರ ಅದು. ಆ ಎರಡು ಮಡಿಗೆ ಭತ್ತವೇ ಬೇಕೆಂಬ ಹಟವಿಲ್ಲದಿದ್ದರೆ ಹತ್ತಿ ಯೋಚಿಸಿ, ಉಪ್ಪು ತಡೆಯುವುದರಲ್ಲಿ ಭತ್ತಕ್ಕಿಂತ ಅದು ಗಟ್ಟಿ. ಆದರೆ ಬೇರಿಗೆ ನೀರು ನಿಲ್ಲುವುದು ಅದಕ್ಕೆ ಆಗದು. ನೆಲದೊಳಗಿನ ನೀರನ್ನು ಹೊರಗೆ ಹರಿಸುವ ಬಸಿಗಾಲುವೆ ಆಗಲೇಬೇಕು.

ಬಸಿಗಾಲುವೆ ಅಂದಕೂಡಲೇ ಇದು ನಿಮ್ಮೊಬ್ಬರ ಕೆಲಸವಲ್ಲ ಅಂತ ನಿಮಗೂ ಗೊತ್ತು. ನಿಮ್ಮ ನೀರು ಪಕ್ಕದವರ ಹೊಲ ದಾಟಿ ಹಳ್ಳ ಸೇರಬೇಕು. ಅವರು ಬಿಡಬೇಕು. ಮೇಲಿನವರು ಬೇಕಾದ್ದಕ್ಕಿಂತ ಜಾಸ್ತಿ ನೀರು ಕಟ್ಟುವುದು ಬಿಡಬೇಕು, ಯಾಕೆಂದರೆ ನಿಮ್ಮ ಮಡಿಯ ಕೆಳಗೆ ಏರಿರುವ ನೀರಿನಲ್ಲಿ ಅವರದ್ದೂ ಪಾಲಿದೆ. ಮಣ್ಣಿನ ವಿಷಯ ಶುರುವಾಗುವುದು ಲ್ಯಾಬಿನಲ್ಲಿ, ಮುಗಿಯುವುದು ಪಂಚಾಯಿತಿ ಕಟ್ಟೆಯಲ್ಲಿ. ನನ್ನ ಅನುಭವದಲ್ಲಿ ಎರಡನೆಯದೇ ಕಷ್ಟ.

ಈಗ ನಿಮ್ಮ ಅಪ್ಪನ ಮಾತಿಗೆ ಬರೋಣ. ಅವರು ಹೇಳಿದ್ದು ಅರ್ಧ ನಿಜ. ನಮ್ಮ ಹಿರಿಯರು ಮಣ್ಣು ಓದಿದ್ದರು. ಕಾಲೇಜಿನಲ್ಲಲ್ಲ, ಕಾಲಿನಲ್ಲಿ. ಎರೆ, ಮಸಾರಿ, ಕರಲು, ಗರಸು, ಗೋಡು ಅಂತ ಅವರು ಇಟ್ಟ ಒಂದೊಂದು ಹೆಸರಿನಲ್ಲೂ ಯಾವ ಬೆಳೆ, ಯಾವಾಗ ಬಿತ್ತನೆ, ಎಷ್ಟು ಹದ ಅನ್ನುವುದೆಲ್ಲ ಅಡಗಿದೆ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಮೈಸೂರು ಸೀಮೆ, ಕನ್ನಡ ಕರಾವಳಿ, ಮಲಬಾರು ಸುತ್ತಿ, 1807ರ ತನ್ನ ಪುಸ್ತಕದಲ್ಲಿ ಒಂದು ಕೆಂಪು ಕಲ್ಲುಮಣ್ಣಿಗೆ ಲ್ಯಾಟರೈಟ್ ಅಂತ ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಇಟ್ಟಿಗೆ ಅನ್ನುವ ಮಾತಿನಿಂದ ತೆಗೆದದ್ದು. ಅದನ್ನು ಕಡಿದು ಮನೆ ಕಟ್ಟುತ್ತಿದ್ದ ನಮ್ಮವರು ಹೇಳುವುದು ಜಂಬಿಟ್ಟಿಗೆ ಅಂತ. ಅದರೊಳಗೂ ಇಟ್ಟಿಗೆ ಇದೆ ನೋಡಿ.

ಆದರೆ ನಿಮ್ಮ ತಾತನ ಕಾಲದಲ್ಲಿ ಕಾಲುವೆ ಇರಲಿಲ್ಲ. ಎರೆ ಹೊಲದಲ್ಲಿ ಹಿಂಗಾರಿ ಜೋಳ, ಹತ್ತಿ, ಕಡಲೆ. ಮಳೆಗಾಲದಲ್ಲಿ ಎರೆ ಹೀರಿಟ್ಟುಕೊಂಡ ನೀರಲ್ಲೇ ಒಂದು ಬೆಳೆ. ನಿಮ್ಮ ಕಡೆ ವರ್ಷಕ್ಕೆ ಬೀಳುವುದು 600 ಮಿಲಿಮೀಟರ್ ಆಸುಪಾಸು ಮಳೆ. ಕಲ್ಲು ಕರಗಿ ಮಣ್ಣಾಗುವಾಗ ಹುಟ್ಟಿದ ಉಪ್ಪನ್ನು ಪೂರ್ತಿ ತೊಳೆದು ಹೊಳೆಗೆ ಸೇರಿಸಲು ಆ ಮಳೆ ಸಾಲದು. ಹಾಗಾಗಿ ಉಪ್ಪು ಸಾವಿರಾರು ವರ್ಷದಿಂದ ಆಳದಲ್ಲಿ ಕೂತಿತ್ತು. ಯಾರಿಗೂ ತೊಂದರೆ ಇರಲಿಲ್ಲ. 1953ರ ಹೊತ್ತಿಗೆ ತುಂಗಭದ್ರಾ ನೀರು ಬಂತು. ಯೋಜನೆ ಮಾಡಿದವರ ಲೆಕ್ಕದಲ್ಲಿ ಬಹುಪಾಲು ಜಮೀನಿಗೆ ಸಿಗಬೇಕಿದ್ದದ್ದು ಜೋಳ, ಹತ್ತಿಯಂಥ ಬೆಳೆ ಒಣಗದಂತೆ ಕಾಯುವಷ್ಟು ಅರೆ ನೀರು. ಆದದ್ದು ಬೇರೆ. ನೀರು ಕಂಡ ಕಡೆ ಭತ್ತ ಬಂತು. ನಾನು ಅದನ್ನು ತಪ್ಪು ಅನ್ನುವುದಿಲ್ಲ, ಭತ್ತ ಆ ಸೀಮೆಯ ಮನೆಗಳಲ್ಲಿ ದೀಪ ಹಚ್ಚಿದೆ. ಆದರೆ ನಿಂತ ನೀರು ಕೆಳಗಿಳಿದು, ಆಳದಲ್ಲಿ ಮಲಗಿದ್ದ ಉಪ್ಪನ್ನು ಎಬ್ಬಿಸಿ ಮೇಲೆ ತಂತು. ನಿಮ್ಮ ಅಪ್ಪನ ಓದು ಒಣ ಎರೆಯದ್ದು. ಈಗ ಹೊಲ ಬೇರೆ ಆಗಿದೆ, ಅದನ್ನು ಮತ್ತೆ ಮೊದಲಿಂದ ಓದಬೇಕು. ಮಗಳು ಕಲಿಯುವುದು ಅದನ್ನೇ.

ಕರಾವಳಿ, ಮಲೆನಾಡಿಗೆ ಹೋದರೆ ಇದೆಲ್ಲ ಉಲ್ಟಾ. ಅಲ್ಲಿ ಮಳೆ ಎಷ್ಟು ಜಾಸ್ತಿ ಅಂದರೆ ಉಪ್ಪಿನ ಜೊತೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ತೊಳೆದು ಹೋಗಿವೆ. ಮಣ್ಣು ಹುಳಿ. ರಸಸಾರ 5ರ ಆಸುಪಾಸು ಇರುವ ತೋಟ ಬೇಕಾದಷ್ಟಿವೆ. ಆ ಹುಳಿಯಲ್ಲಿ ಅಲ್ಯೂಮಿನಿಯಂ ಕರಗಿ ಬೇರು ಸುಡುತ್ತದೆ, ಹಾಕಿದ ರಂಜಕವನ್ನು ಕಬ್ಬಿಣವೂ ಅಲ್ಯೂಮಿನಿಯಮ್ಮೂ ಹಿಡಿದಿಟ್ಟುಕೊಳ್ಳುತ್ತವೆ. ಅಲ್ಲಿನವರಿಗೆ ಬೇಕಾದ್ದು ಸುಣ್ಣ. ಅದೇ ಸುಣ್ಣ ನಿಮ್ಮ ಎರೆಗೆ ಹಾಕಿದರೆ ಅನಾಹುತ. ಅಡಿಕೆ ತೋಟದ ವಿಡಿಯೋ ನೋಡಿ ರಾಯಚೂರಿನಲ್ಲಿ ಸುಣ್ಣ ಹಾಕಿದವರೊಬ್ಬರನ್ನು ನಾನೇ ಕಂಡಿದ್ದೇನೆ.

ನನ್ನನ್ನು ಕೇಳಿದರೆ ಮಣ್ಣುವಿಜ್ಞಾನದ ದೊಡ್ಡ ಉಪಯೋಗ ಏನು ಹಾಕಬೇಕು ಅಂತ ಹೇಳುವುದರಲ್ಲಿಲ್ಲ. ಅದನ್ನು ಹೇಳಲು ಊರ ತುಂಬಾ ಜನ ಇದ್ದಾರೆ. ಏನು ಹಾಕಬಾರದು, ಎಲ್ಲಿ ಹಾಕಬಾರದು, ಎಷ್ಟಕ್ಕೆ ನಿಲ್ಲಿಸಬೇಕು ಅಂತ ಹೇಳುವವರು ಕಡಿಮೆ. ನಿಮ್ಮ ಕಾರ್ಡಿನ ರಂಜಕವನ್ನೇ ತಗೊಳ್ಳಿ.

ಹೆಕ್ಟೇರಿಗೆ 68 ಕಿಲೋ. 56 ದಾಟಿದರೆ 'ಹೆಚ್ಚು' ಅನ್ನುತ್ತಾರೆ. ಎಕರೆಗೆ ಎರಡು ಚೀಲ ಡಿಎಪಿ ಅಂದರೆ ಪ್ರತಿ ಬೆಳೆಗೆ 46 ಕಿಲೋ ರಂಜಕ ಸುರಿದಿದ್ದೀರಿ. ರಂಜಕ ಯೂರಿಯಾದ ಹಾಗೆ ಹಾರಿ ಹೋಗುವುದಿಲ್ಲ, ತೊಳೆದೂ ಹೋಗುವುದಿಲ್ಲ, ಮಣ್ಣಲ್ಲೇ ಉಳಿಯುತ್ತದೆ. ನಿಮ್ಮದು ಈಗ ಬ್ಯಾಂಕಿನಲ್ಲಿಟ್ಟ ದುಡ್ಡು. ಎರಡು ಚೀಲ ಇದ್ದದ್ದನ್ನು ಒಂದು ಮಾಡಿ. ಬಿಟ್ಟ ಚೀಲದಲ್ಲಿ 9 ಕಿಲೋ ಸಾರಜನಕವೂ ಇತ್ತು, ಅದಕ್ಕೆ 20 ಕಿಲೋ ಯೂರಿಯಾ ಸೇರಿಸಿಕೊಳ್ಳಿ. ಡಿಎಪಿ ಚೀಲಕ್ಕೆ 1,350 ರೂಪಾಯಿ, 45 ಕಿಲೋ ಯೂರಿಯಾ ಚೀಲಕ್ಕೆ 266 ರೂಪಾಯಿ 50 ಪೈಸೆ ಅಂತ ಹಿಡಿದರೆ ನಾಲ್ಕು ಎಕರೆಗೆ ಒಂದು ಬೆಳೆಗೆ ಸುಮಾರು 4,900 ರೂಪಾಯಿ ಉಳಿಯಿತು. ವರ್ಷಕ್ಕೆ ಎರಡು ಬೆಳೆ. ಪೊಟ್ಯಾಷ್ ಕೂಡ 470, ಹೆಚ್ಚೇ. ಅದಕ್ಕೆ ಸಲಹೆಯ ಅರ್ಧ ಸಾಕು.

ದುಡ್ಡಿಗಿಂತ ದೊಡ್ಡದು ಇನ್ನೊಂದಿದೆ. ರಂಜಕ ಜಾಸ್ತಿಯಾದರೆ ಗಿಡಕ್ಕೆ ಸತು ಸಿಗುವುದು ಕಷ್ಟವಾಗುತ್ತದೆ. ನಿಮ್ಮ ಸತು 0.45. ಕಡೇಪಕ್ಷ 0.6 ಇರಬೇಕು. ಒಂದು ಕಡೆ ರಂಜಕ ಸುರಿದು ಸತುವಿನ ಬಾಯಿ ಕಟ್ಟಿ, ಇನ್ನೊಂದು ಕಡೆ ಸತುವಿಲ್ಲ ಅಂತ ಟಾನಿಕ್ ಬಾಟಲಿ ತಂದು ಹೊಡೆಯುವುದು. ಇದು ನಿಮ್ಮೂರಿನದಷ್ಟೇ ಕಥೆ ಅಲ್ಲ.

ಸತುವಿನ ಬಗ್ಗೆ ಒಂದು ಹಳೆಯ ಪ್ರಸಂಗ ಹೇಳಲೇಬೇಕು. 1960ರ ದಶಕ, ಹಿಮಾಲಯದ ಬುಡದ ಪಂತನಗರ. ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ಸುತ್ತ ಭತ್ತಕ್ಕೊಂದು ಕಾಯಿಲೆ. ನಾಟಿಯಾಗಿ ಕೆಲವೇ ವಾರಕ್ಕೆ ಎಲೆ ಮೇಲೆ ಕಂದು ಚುಕ್ಕೆ, ಚುಕ್ಕೆ ಕೂಡಿ ಎಲೆಯೇ ತುಕ್ಕು, ಗಿಡ ಗಿಡ್ಡ. ಎಲೆ ಅಡಿಕೆಗೆ ಹಾಕುವ ಕಾಚಿನ ಬಣ್ಣ ಬಂದದ್ದಕ್ಕೆ ಖೈರಾ ಅಂತ ಹೆಸರು ಬಿತ್ತು. ನೋಡಿದರೆ ಶಿಲೀಂಧ್ರ ರೋಗದ ಹಾಗೇ ಇತ್ತು. ಅದರ ಹಿಂದೆ ಬಿದ್ದವರು ಸಸ್ಯರೋಗ ತಜ್ಞ ವೈ. ಎಲ್. ನೆನೆ. ಕೊನೆಗೆ ತಿಳಿದದ್ದು, ಅದು ರೋಗವೇ ಅಲ್ಲ, ಮಣ್ಣಲ್ಲಿ ಸತುವಿಲ್ಲ. ಸತುವಿನ ಸಲ್ಫೇಟ್ ಸುಣ್ಣದ ತಿಳಿ ಜೊತೆ ಸಿಂಪಡಿಸಿದರೆ ಎಲೆ ಹಸಿರಾಯಿತು. ರೋಗಕ್ಕೆ ಅಂತ ಎಷ್ಟು ಔಷಧಿ ಹೊಡೆದಿದ್ದರೂ ಅದು ಹೋಗುತ್ತಿರಲಿಲ್ಲ.

ನಿಮಗೂ ಅದೇ ಸತು ಬೇಕು. ಎಕರೆಗೆ 8ರಿಂದ 10 ಕಿಲೋ ಸತುವಿನ ಸಲ್ಫೇಟ್, ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರದ ಜೊತೆ ಬೆರೆಸಿ ಎರಚಿ. ಡಿಎಪಿ ಜೊತೆ ಮಾತ್ರ ಕಲಸಬೇಡಿ. ಎರಡೂ ಸೇರಿ ಕರಗದ ಗಸಿಯಾಗುತ್ತದೆ, ಗಿಡಕ್ಕೆ ಎರಡೂ ಇಲ್ಲ. ಒಮ್ಮೆ ಹಾಕಿದರೆ ಎರಡು ಮೂರು ಬೆಳೆಗೆ ಸಾಕು. ಪ್ರತಿ ಬೆಳೆಗೂ ಹಾಕಿ ಅನ್ನುವವರ ಮಾತು ಕೇಳಬೇಡಿ.

ಮಣ್ಣಲ್ಲಿ ಸತುವಿಲ್ಲದಿದ್ದರೆ ಕಾಳಿನಲ್ಲೂ ಕಡಿಮೆ. ಕಾಳಿನಲ್ಲಿ ಕಡಿಮೆಯಾದರೆ ಅದನ್ನೇ ಮೂರು ಹೊತ್ತು ಉಣ್ಣುವ ಮಕ್ಕಳಿಗೂ ಕಡಿಮೆ. ಸತು ಸಾಲದ ಮಕ್ಕಳು ಸರಿಯಾಗಿ ಬೆಳೆಯುವುದಿಲ್ಲ, ಭೇದಿ, ಸೋಂಕು ಬೇಗ ಹಿಡಿಯುತ್ತದೆ. ಊರಿಗೆ ಏನು ಉಪಯೋಗ ಅಂತ ಕೇಳಿದಿರಲ್ಲ, ಇದು ಒಂದು.

ನಮ್ಮ ರಾಜ್ಯದಲ್ಲಿ 2009ರಲ್ಲಿ ಭೂಚೇತನ ಯೋಜನೆ ಶುರುವಾದದ್ದು ಇದೇ ದಾರಿಯಲ್ಲಿ. ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಅನ್ನುವ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಜೊತೆ ಸೇರಿ ಕೃಷಿ ಇಲಾಖೆ ರೈತರ ಹೊಲಗಳಿಂದ 90 ಸಾವಿರಕ್ಕೂ ಹೆಚ್ಚು ಮಣ್ಣಿನ ಮಾದರಿ ತೆಗೆಸಿತು. ಮಳೆ ಆಶ್ರಯದ ಹೊಲಗಳಲ್ಲಿ ಎಲ್ಲರೂ 'ನೀರಿಲ್ಲ, ಅದಕ್ಕೇ ಬೆಳೆ ಇಲ್ಲ' ಅನ್ನುತ್ತಿದ್ದರು. ಮಣ್ಣು ಹೇಳಿದ್ದು ಬೇರೆ: ನೀರಿನ ಜೊತೆ ಗಂಧಕ, ಸತು, ಬೋರಾನ್ ಕೂಡ ಇಲ್ಲ. ನಿಮ್ಮ ಮಸಾರಿ ಎರಡು ಎಕರೆ ಬಹುಶಃ ಈ ಗುಂಪಿಗೆ ಸೇರಿದ್ದು. ಅದಕ್ಕೆ ಬೇರೆಯದೇ ಪರೀಕ್ಷೆ ಮಾಡಿಸಿ.

ಅಂದಹಾಗೆ, ಮನೆಯಲ್ಲಿ ಜಿಪ್ಸಂ ಚೀಲ ಉಳಿದಿದ್ದರೆ ಎಸೆಯಬೇಡಿ. ಅದು ಮಸಾರಿಗೆ ಹೋಗಲಿ. ಶೇಂಗಾ ಹೂವಾಗಿ ಊಡು (ತುದಿಯಲ್ಲಿ ಕಾಯಿ ಕಟ್ಟುವ ಸೂಜಿಯಂಥ ತೊಟ್ಟು) ನೆಲಕ್ಕಿಳಿಯುವ ಹೊತ್ತಿಗೆ, ಎಕರೆಗೆ 200 ಕಿಲೋ, ಸಾಲಿನ ಬುಡಕ್ಕೆ ಹಾಕಿ ಮಣ್ಣೇರಿಸಿ. ಶೇಂಗಾ ಕಾಯಿ ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಸುತ್ತಲ ಮಣ್ಣಿಂದ ತಾನೇ ನೇರ ಹೀರುತ್ತದೆ. ಕಾಯಿ ತುಂಬುತ್ತದೆ, ಜೊಳ್ಳು ಕಡಿಮೆಯಾಗುತ್ತದೆ. ಕೆಳಗೆ ದಂಡವಾದದ್ದು ಮೇಲಿನ ಹೊಲಕ್ಕೆ ಊಟ. ಎರಡೂ ನಿಮ್ಮವೇ.

ಇಷ್ಟೆಲ್ಲ ಹೇಳಿದ ಮೇಲೆ ಕಾರ್ಡಿನ ಬಗ್ಗೆ ಒಂದು ಅನುಮಾನವನ್ನೂ ಹಾಕಿಬಿಡುತ್ತೇನೆ. ಮಣ್ಣು ಆರೋಗ್ಯ ಕಾರ್ಡ್ ಯೋಜನೆ 2015ರ ಫೆಬ್ರವರಿಯಲ್ಲಿ ರಾಜಸ್ಥಾನದ ಸೂರತ್‌ಗಢದಲ್ಲಿ ಶುರುವಾಯಿತು. ಒಳ್ಳೆಯ ಯೋಜನೆ, ನಾನು ಅದರ ಪರ. ಆದರೆ ಆಗ ಮಾದರಿ ತೆಗೆಯಲು ಇಟ್ಟುಕೊಂಡ ಲೆಕ್ಕ ನೀರಾವರಿಯಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು, ಮಳೆ ಆಶ್ರಯದಲ್ಲಿ ಹತ್ತು ಹೆಕ್ಟೇರಿಗೆ ಒಂದು. ಎರಡೂವರೆ ಹೆಕ್ಟೇರು ಅಂದರೆ ಆರು ಎಕರೆ ಮೇಲೆ. ನಿಮ್ಮ ಹೆಸರಿನ ಕಾರ್ಡಿನಲ್ಲಿ ಇರುವುದು ಪಕ್ಕದವರ ಹೊಲದ ಮಣ್ಣೂ ಆಗಿರಬಹುದು. ನಿಮ್ಮ ಮೇಲಿನ ಮಡಿಯೂ ಸುಡುವ ಮಡಿಯೂ ಒಂದೇ ಚೀಲದಲ್ಲಿ ಬೆರೆತಿದ್ದರೂ ಬೆರೆತಿರಬಹುದು. ಹಾಗೆ ಬೆರೆತಿದ್ದರೆ ಆ 2.6 ಯಾವ ಮಡಿಯದ್ದೂ ಅಲ್ಲ.

ಒಂದು ಎಕರೆಯಲ್ಲಿ ಮೇಲಿನ ಆರು ಇಂಚು ಮಣ್ಣಿನ ತೂಕ ಸುಮಾರು ಎಂಟೂವರೆ ಲಕ್ಷ ಕಿಲೋ. ಅದರಲ್ಲಿ ನೀವು ಕೊಡುವುದು ಅರ್ಧ ಕಿಲೋ. ಲ್ಯಾಬಿನವರು ರಂಜಕ ನೋಡಲು ಅದರಲ್ಲಿ ತೂಗಿಕೊಳ್ಳುವುದು ಎರಡೂವರೆ ಗ್ರಾಂ, ಸತು ನೋಡಲು ಹತ್ತು ಗ್ರಾಂ. ಒಂದು ಚಮಚ ಮಣ್ಣು ಎಂಟೂವರೆ ಲಕ್ಷ ಕಿಲೋ ಪರವಾಗಿ ಸಾಕ್ಷಿ ಹೇಳಬೇಕು. ಆ ಸಾಕ್ಷಿಯನ್ನು ಆರಿಸುವವರು ನೀವು. ಲ್ಯಾಬಿನಲ್ಲಿ ಆಗುವ ತಪ್ಪಿಗಿಂತ ಹೊಲದಲ್ಲಿ ಆಗುವ ತಪ್ಪೇ ಜಾಸ್ತಿ.

ನನ್ನದೇ ಒಂದು ಪೆದ್ದುತನ ಕೇಳಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಊರಿನ ಮಾದರಿಗಳನ್ನೆಲ್ಲ ಒಂದು ತಗಡಿನ ಬಕೆಟ್ಟಿನಲ್ಲಿ ಕಲಸಿ ತಂದೆ. ಫಲಿತಾಂಶ ನೋಡಿದರೆ ಊರಿಗೆ ಊರೇ ಸತುವಿನಲ್ಲಿ ಶ್ರೀಮಂತ! ಖುಷಿಯಿಂದ ವರದಿ ಬರೆದೆ. ನಮ್ಮ ಹಿರಿಯ ಸಹಾಯಕರೊಬ್ಬರು ಬಕೆಟ್ ತಿರುಗಿಸಿ ನೋಡಿ, 'ಸಾಹೇಬರೇ, ಇದಕ್ಕೆ ಕಲಾಯಿ ಹಾಕಿರೋದು ಯಾವುದರದ್ದು?' ಅಂದರು. ತಗಡಿಗೆ ತುಕ್ಕು ಹಿಡಿಯದಿರಲಿ ಅಂತ ಬಳಿದ ಸತು ಅದು. ಊರಿನ ಮಣ್ಣಿನ ಸತುವಲ್ಲ, ನನ್ನ ಬಕೆಟ್ಟಿನ ಸತು. ಮತ್ತೆ ಊರೆಲ್ಲ ಸುತ್ತಿ ಮಾದರಿ ತೆಗೆಯಬೇಕಾಯಿತು.

ಹಾಗಾಗಿ ನಿಮ್ಮ ಮಾದರಿ ನೀವೇ ತೆಗೆಯಿರಿ. ಸುಡುವ ಮಡಿಗಳದ್ದು ಒಂದು, ಚೆನ್ನಾಗಿರುವ ಮಡಿಗಳದ್ದು ಇನ್ನೊಂದು, ಮಸಾರಿಯದ್ದು ಮೂರನೆಯದು. ಬದುವಿನ ಬುಡ, ತಿಪ್ಪೆ ಇದ್ದ ಜಾಗ, ಮರದ ನೆರಳು, ಕಾಲುವೆ ಅಂಚು ಬಿಟ್ಟುಬಿಡಿ. ಹೊಲದಲ್ಲಿ ಅಂಕುಡೊಂಕಾಗಿ ನಡೆದು ಹತ್ತು ಹನ್ನೆರಡು ಕಡೆ ಗುದ್ದಲಿಯಿಂದ ಆರಿಂಚು ಆಳಕ್ಕೆ ಇಳಿಜಾರು ಗುಂಡಿ ತೋಡಿ, ಗುಂಡಿಯ ಗೋಡೆಯಿಂದ ಮೇಲಿಂದ ಕೆಳತನಕ ಒಂದೇ ದಪ್ಪದ ಮಣ್ಣು ಕೆತ್ತಿ. ಎಲ್ಲ ಸೇರಿಸಿ ಕಲಸಿ, ರೊಟ್ಟಿಯ ಹಾಗೆ ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಸಾಕಿ. ಅರ್ಧ ಕಿಲೋ ಉಳಿಯುವ ತನಕ ಹೀಗೇ. ನೆರಳಲ್ಲಿ ಒಣಗಿಸಿ. ಗೊಬ್ಬರದ ಖಾಲಿ ಚೀಲದ ಮೇಲೆ ಮಾತ್ರ ಒಣಗಿಸಬೇಡಿ. ಸವಳು ಮಡಿಯಿಂದ ಎರಡನೇ ಅಡಿಯ ಮಣ್ಣನ್ನೂ ಬೇರೆ ಚೀಟಿ ಹಾಕಿ ಕೊಡಿ, ಉಪ್ಪು ಮೇಲೆ ಎಷ್ಟು, ಕೆಳಗೆ ಎಷ್ಟು ಅಂತ ಗೊತ್ತಾಗುತ್ತದೆ.

ಮಗಳ ವಿಷಯ. ಬೆಂಗಳೂರಿನ ಹೆಬ್ಬಾಳದಲ್ಲಿ 1899ರಲ್ಲಿ, ವಾಣಿವಿಲಾಸ ಸನ್ನಿಧಾನದ ಮಹಾರಾಣಿಯವರು ಆಡಳಿತ ನೋಡುತ್ತಿದ್ದಾಗ, 30 ಎಕರೆಯಲ್ಲಿ ಒಂದು ಪ್ರಯೋಗ ತಾಕು ಶುರುವಾಯಿತು. ಡಾ. ಲೆಹ್ಮನ್ ಅನ್ನುವವರು ಅಲ್ಲಿ ಮೊದಲು ಹಿಡಿದ ಕೆಲಸವೇ ಮಣ್ಣಿಗೆ ಬೆಳೆ ಹೇಗೆ ಸ್ಪಂದಿಸುತ್ತದೆ ಅನ್ನುವುದು. ಅಂದರೆ ನಮ್ಮಲ್ಲಿ ಕೃಷಿ ಸಂಶೋಧನೆ ಹುಟ್ಟಿದ್ದೇ ಮಣ್ಣಿಂದ. ಇವತ್ತು ಈ ವಿದ್ಯೆ ಹೊಲಕ್ಕಷ್ಟೇ ನಿಂತಿಲ್ಲ. ನಿಮ್ಮ ಊರಲ್ಲೇ ನೋಡಿ, ಎರೆ ಮೇಲೆ ಕಟ್ಟಿದ ಎಷ್ಟು ಮನೆ ಗೋಡೆ ಬಿರುಕು ಬಿಟ್ಟಿವೆ! ಎರೆಯ ಜೇಡಿ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಅದರ ಜೊತೆ ಅಡಿಪಾಯವೂ ಏರಿಳಿಯುತ್ತದೆ. ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಇದಕ್ಕೇ ಅಂತ ಬುಡದಲ್ಲಿ ಗಡ್ಡೆಯ ಹಾಗೆ ಉಬ್ಬಿದ ಕಾಂಕ್ರೀಟ್ ಕಂಬ ರೂಪಿಸಿದರು. ಉಬ್ಬಿ ಇಳಿಯುವ ಪದರ ದಾಟಿ ಕೆಳಗೆ ಹೋಗಿ ಬೇರು ಬಿಟ್ಟ ಹಾಗೆ ಅದು ನಿಲ್ಲುತ್ತದೆ. ಕ್ಷಯಕ್ಕೆ ಮೊದಲ ಮದ್ದಾದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಸಿಕ್ಕಿದ್ದು ಮಣ್ಣಿನ ಸೂಕ್ಷ್ಮಜೀವಿಯಿಂದ, ಮಣ್ಣಿನ ಜೀವಿಗಳನ್ನೇ ಓದುತ್ತಿದ್ದ ವಾಕ್ಸ್‌ಮನ್ ಅವರ ಲ್ಯಾಬಿನಲ್ಲಿ. ಆಸ್ಪತ್ರೆಯಿಂದಲ್ಲ.

ಕೆಲಸ ಸಿಗುತ್ತಾ ಅಂತ ನೀವು ಕೇಳಿಲ್ಲ, ಆದರೆ ಮನಸ್ಸಲ್ಲಿ ಇದ್ದೇ ಇರುತ್ತದೆ. ಸರ್ಕಾರಿ ನೌಕರಿ ಖಾತ್ರಿ ಅಂತ ನಾನು ಹೇಳಲಾರೆ. ಮಣ್ಣು ಪರೀಕ್ಷಾ ಲ್ಯಾಬು, ಜಲಾನಯನ ಯೋಜನೆ, ಹನಿ ನೀರಾವರಿ ಮತ್ತು ಗೊಬ್ಬರ ಕಂಪನಿ, ಹೆಬ್ಬಾಳದಲ್ಲೂ ಶಾಖೆಯಿರುವ ಮಣ್ಣು ಸಮೀಕ್ಷೆ ಸಂಸ್ಥೆ, ಉಪಗ್ರಹ ನಕ್ಷೆ ಮಾಡುವವರು, ಹೀಗೆ ದಾರಿಗಳಿವೆ. ಲ್ಯಾಬಿನಲ್ಲಿ ಅಂಕಿ ತೆಗೆಯುವವರು ಸಿಗುತ್ತಾರೆ. ಆ ಅಂಕಿ ಹಿಡಿದು ಹೊಲಕ್ಕೆ ಬಂದು, ಗುಂಡಿಗಿಳಿದು ನೋಡಿ, ಅಂಗಡಿಯವರ ಮುಂದೆ 'ಇದು ಬೇಡ' ಅನ್ನುವವರು ಸಿಗುವುದಿಲ್ಲ. ಆಕೆಗೆ ಆ ಬಗೆಯ ಆಸಕ್ತಿ ಇದ್ದರೆ ಕಳಿಸಿ. ಬರೀ ಸೀಟು ಸಿಕ್ಕಿತು ಅಂತಾದರೆ ಇನ್ನೊಮ್ಮೆ ಕೇಳಿ ನೋಡಿ.

ಕೊನೆಯದಾಗಿ, ಲೋಟದ ಪರೀಕ್ಷೆಯ ಜೊತೆ ಒಂದು ಮಾತು ನೆನಪಿಡಿ ಅಂದಿದ್ದೆ. ಬಸಿಗಾಲುವೆ ಆಗಿ ಉಪ್ಪು ತೊಳೆದು ಹೋದ ಮೇಲೆ, ಕೆಲವೊಮ್ಮೆ ಕಣಕ್ಕೆ ಅಂಟಿದ ಸೋಡಿಯಂ ಮಾತ್ರ ಹಿಂದೆ ಉಳಿದುಬಿಡುತ್ತದೆ. ಅಷ್ಟು ದಿನ ಉಪ್ಪು ಅದನ್ನು ಮರೆಮಾಡಿರುತ್ತದೆ. ಆಗ ಚೆನ್ನಾಗಿದ್ದ ಮಣ್ಣು ಒಮ್ಮೆಲೇ ಅಂಟಾಗಿ ನೀರು ಇಂಗದ ಹಾಗಾಗುತ್ತದೆ. ಅದಕ್ಕೇ ತೊಳೆಯಲು ಶುರು ಮಾಡಿದ ಮೇಲೆ ಪ್ರತಿ ಬೇಸಿಗೆಗೊಮ್ಮೆ ಲೋಟದ ಪರೀಕ್ಷೆ ಮಾಡಿ. ನೀರು ಬಗ್ಗಡವಾದ ವರ್ಷ ಮಾದರಿ ತಗೊಂಡು ಗಂಗಾವತಿ ಕೇಂದ್ರಕ್ಕೆ ಹೋಗಿ, ಎಕರೆಗೆ ಎಷ್ಟು ಜಿಪ್ಸಂ ಬೇಕು ಅಂತ ಅಳೆದು ಹೇಳಿ ಅನ್ನಿ. ಅದಕ್ಕೆ ಬೇರೆ ಪರೀಕ್ಷೆ ಇದೆ, ಕಾರ್ಡಿನಲ್ಲಿ ಬರುವುದಿಲ್ಲ. ಎರಡನೇ ಬೆಳೆ ಕೊಯ್ಲಾದ ಮೇಲೆ, ಕಾಲುವೆಗೆ ಮತ್ತೆ ನೀರು ಬಿಡುವ ಮುಂಚೆ ಮಾದರಿ ತೆಗೆಯುವುದು ಒಳ್ಳೆಯದು. ಮಗಳಿಗೂ ಆಗ ರಜೆ ಇರಬಹುದು. ಬಕೆಟ್ ಪ್ಲಾಸ್ಟಿಕ್ಕಿನದ್ದೇ ಇರಲಿ.